ಕಡಲಾಚೆಗೊಂದು ವಕಾಲತ್ತು

‘ವಕೀಲ’ ಎಂಬ ಮಾತನ್ನು ಇಂದು ನಾವು ಕರಿಯ ಕೋಟು ತೊಟ್ಟು ಕೋರ್ಟಿನಲ್ಲಿ ವಾದ ಮಾಡುವವರಿಗಷ್ಟೇ ಮೀಸಲಾಗಿಟ್ಟಿದ್ದೇವೆ. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಈ ಶಬ್ದದ ಮೂಲಾರ್ಥ ಇನ್ನೂ ವಿಶಾಲವಾದುದು. ತನ್ನ ಪರವಾಗಿ ನಿಂತು ಮಾತನಾಡುವ ಅಧಿಕಾರವನ್ನು ಒಬ್ಬನು ಯಾರಿಗೆ ಒಪ್ಪಿಸಿರುವನೋ ಅವನೇ ವಕೀಲ. ಟಿಪ್ಪೂ ಸುಲ್ತಾನನ ವಕೀಲರು ಪುಣೆಯಲ್ಲಿಯೂ ಹೈದರಾಬಾದಿನಲ್ಲಿಯೂ ಇರುತ್ತಿದ್ದರೆಂದು ಚರಿತ್ರೆಯಲ್ಲಿ ಓದುತ್ತೇವಷ್ಟೆ. ಅವರು ಕಾನೂನು ಪಂಡಿತರಲ್ಲ, ಪರರಾಜ್ಯದ ಒಡ್ಡೋಲಗದಲ್ಲಿ ತಮ್ಮ ಒಡೆಯನ ಮಾತನ್ನು ಮುಟ್ಟಿಸುವ ರಾಯಭಾರಿಗಳು. ಕಳೆದ ನಾಲ್ಕು ದಶಕಗಳಲ್ಲಿ ಈ ಹಳೆಯ ಅರ್ಥ ಸುತ್ತಿ ಬಳಸಿ ಮತ್ತೆ ಜೀವ ಪಡೆದಿದೆ. ಒಂದು ದೇಶದ ಸಾವಿರಾರು ಬಡವರ ದೂರನ್ನು ಇನ್ನೊಂದು ದೇಶದ ನ್ಯಾಯಾಸ್ಥಾನಕ್ಕೆ ಮುಟ್ಟಿಸಲು ಎರಡು ದೇಶಗಳ ವಕೀಲರು ಕೈಜೋಡಿಸುವ ಒಂದು ಪದ್ಧತಿ ಬೆಳೆದಿದೆ. ಕನ್ನಡ ಮೇಷ್ಟರಿಗೆ ಈ ಗೊಡವೆ ಏಕೆಂದು ಕೇಳುವವರಿದ್ದಾರು. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರ ಕಥೆ ನಮ್ಮ ಸಾಹಿತ್ಯದ ವಸ್ತುವೂ ಹೌದಲ್ಲವೆ?

ಮೊದಲು ಸಾಮೂಹಿಕ ದಾವೆ ಎಂದರೇನೆಂಬುದನ್ನು ನೋಡೋಣ. ಒಂದೇ ಕೃತ್ಯದಿಂದ ಅನೇಕರಿಗೆ ಹಾನಿಯಾದಾಗ ಒಬ್ಬೊಬ್ಬರೂ ಪ್ರತ್ಯೇಕವಾಗಿ ಮೊಕದ್ದಮೆ ಹೂಡುವುದು ದುಸ್ಸಾಧ್ಯ. ಹೂಡಿದರೂ ಖರ್ಚು ಪರಿಹಾರವನ್ನು ಮೀರುತ್ತದೆ. ಆದ್ದರಿಂದ ಕೆಲವರು ಎಲ್ಲರ ಪರವಾಗಿ ನಿಲ್ಲಲು ನ್ಯಾಯಾಲಯ ಅನುಮತಿ ನೀಡುತ್ತದೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೊದಲ ಆದೇಶದ ಎಂಟನೆಯ ನಿಯಮದಲ್ಲಿಯೇ ಇದಕ್ಕೆ ಅವಕಾಶವಿದೆ. ಊರೊಟ್ಟಿನ ಹಕ್ಕು, ದೇವಸ್ಥಾನ, ಗೋಮಾಳಗಳ ವ್ಯಾಜ್ಯಗಳಲ್ಲಿ ಇಂಥ ದಾವೆಗಳನ್ನು ಹಿರಿಯರು ಕಂಡಿರಬಹುದು. ಅಮೆರಿಕದಲ್ಲಿ 1938ರಲ್ಲಿ ರೂಪುಗೊಂಡು 1966ರಲ್ಲಿ ತಿದ್ದುಪಡಿಯಾದ ಫೆಡರಲ್ ನಿಯಮಾವಳಿಯ 23ನೆಯ ನಿಯಮ ಇದಕ್ಕೆ ದೊಡ್ಡ ಬಲ ತಂದಿತು. ನಾನು ಒಲ್ಲೆ ಎಂದು ಹೊರಗೆ ನಿಲ್ಲದ ಪ್ರತಿಯೊಬ್ಬ ಸಂತ್ರಸ್ತನೂ ಅಲ್ಲಿ ಬಹುಮಟ್ಟಿಗೆ ದಾವೆಯೊಳಗೇ ಸೇರಿದಂತೆ.

ಒಂದೇ ದೇಶದೊಳಗೆ ಇದು ಒಂದು ಬಗೆ. ಹಾನಿ ಇಲ್ಲಿ, ಹಾನಿ ಮಾಡಿದ ಕಂಪನಿಯ ಒಡೆತನ ಸಮುದ್ರದಾಚೆ ಎಂದಾಗ ಬಗೆ ಬೇರೆಯಾಗುತ್ತದೆ. ದುರ್ಗಸಿಂಹನ ಪಂಚತಂತ್ರದ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆಯನ್ನು ಶಾಲೆಯಲ್ಲಿ ಓದದವರು ವಿರಳ. ಹೂಳಿಟ್ಟ ಹಣವನ್ನು ತಾನೇ ಕದ್ದ ದುಷ್ಟಬುದ್ಧಿ ಆಲದ ಮರವನ್ನೇ ಸಾಕ್ಷಿಗೆ ಕರೆದು, ಅದರ ಪೊಟರೆಯಲ್ಲಿ ತನ್ನ ತಂದೆಯನ್ನು ಅಡಗಿಸಿಟ್ಟ. ನೆರೆದವರಿಗೆ ಕಾಣುವುದು ಮರ, ಮಾತನಾಡುವವನು ತಂದೆ. ಇಂದಿನ ಬಹುರಾಷ್ಟ್ರೀಯ ಕಂಪನಿಗಳ ರಚನೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ದೊರೆತಿಲ್ಲ. ನಮ್ಮ ನೆಲದಲ್ಲಿ ಬೇರು ಬಿಟ್ಟು ನಿಂತಿರುವುದು ಉಪಸಂಸ್ಥೆ. ಪೊಟರೆಯೊಳಗಿನ ದನಿ ಮಾತೃಸಂಸ್ಥೆಯದು. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ವ್ಯಕ್ತಿಗಳು. ಧರ್ಮಬುದ್ಧಿ ಪೊಟರೆಗೆ ಹುಲ್ಲು ತುಂಬಿ ಬೆಂಕಿಯಿಟ್ಟು ಹೊಗೆಯೆಬ್ಬಿಸಿದ. ವಕೀಲರ ಕೈಯಲ್ಲಿರುವ ಹೊಗೆ ಎಂದರೆ, ಪ್ರತಿವಾದಿಯ ಬೀರುಗಳಲ್ಲಿರುವ ಕಾಗದಪತ್ರಗಳನ್ನು ವಾದಿಯ ಮುಂದಿಡಬೇಕೆಂದು ನ್ಯಾಯಾಲಯದಿಂದ ಆಜ್ಞೆ ಹೊರಡಿಸುವುದು. ಆ ಕಾಗದಗಳು ಲಂಡನ್ನಿನಲ್ಲೋ ಅಮೆರಿಕದಲ್ಲೋ ಇರುತ್ತವೆ; ರೋಗಿಗಳು ನಮ್ಮ ಕಡೆ ಇರುತ್ತಾರೆ. ಎರಡೂ ಕಡೆ ಕೈಗಳಿಲ್ಲದೆ ಈ ಕೆಲಸ ಆಗದು.

ಭೋಪಾಲದ ಪ್ರಕರಣ ಈ ಸಹಕಾರದ ಮೊದಲ ದೊಡ್ಡ ಪರೀಕ್ಷೆ. ಅದು ಸೋತ ಪರೀಕ್ಷೆಯೆಂದೇ ನಾನು ಭಾವಿಸುತ್ತೇನೆ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತಿಗೆ ಯೂನಿಯನ್ ಕಾರ್ಬೈಡ್ ಇಂಡಿಯಾ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಅನಿಲ ಊರಿನ ಮೇಲೆ ಹರಿಯಿತು. ಈ ಕಂಪನಿಯ ನೂರಕ್ಕೆ 50.9 ಪಾಲು ಅಮೆರಿಕದ ಯೂನಿಯನ್ ಕಾರ್ಬೈಡ್ ಕಾರ್ಪೊರೇಷನ್ನಿನದು. ಶವಗಳ ಸಂಸ್ಕಾರ ಮುಗಿಯುವ ಮುನ್ನವೇ ಅಮೆರಿಕದ ವಕೀಲರು ವಿಮಾನವಿಳಿದರು. ಸ್ಯಾನ್ ಫ್ರಾನ್ಸಿಸ್ಕೊದ ಪ್ರಖ್ಯಾತ ನ್ಯಾಯವಾದಿ ಮೆಲ್ವಿನ್ ಬೆಲ್ಲಿ ಮತ್ತವರ ಸಂಗಡಿಗರು ಡಿಸೆಂಬರ್ 7ರಂದೇ ವೆಸ್ಟ್ ವರ್ಜೀನಿಯದಲ್ಲಿ 1,500 ಕೋಟಿ ಡಾಲರಿನ ದಾವೆ ಹೂಡಿದರು. ಬಸ್ತಿಗಳಲ್ಲಿ ಗೋಣುಹಾಕಿ ಕುಳಿತಿದ್ದವರಿಂದ ವಕಾಲತ್ತಿನ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪೈಪೋಟಿಯೇ ನಡೆಯಿತು. ಗೆದ್ದರೆ ಪರಿಹಾರದ ಮೂರನೆಯ ಒಂದು ಭಾಗ ವಕೀಲನದು ಎಂಬುದು ಅಮೆರಿಕದಲ್ಲಿ ರೂಢಿ. ಆ ರೂಢಿಯನ್ನು ನಾವು ಹಳಿದುಬಿಡುವುದು ಸುಲಭ. ಆದರೆ ಕೈಯಲ್ಲಿ ಕಾಸಿಲ್ಲದವನಿಗೆ ಬೇರೆ ಯಾವ ವಕೀಲ ಸಿಕ್ಕಾನು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಅಲ್ಲಿ ತಪ್ಪಿದ್ದು ಹಣದಾಸೆಗಿಂತ ಹೆಚ್ಚಾಗಿ, ಸ್ಥಳೀಯ ವಕೀಲರೊಡನೆ ಸಮಾಲೋಚನೆಯಿಲ್ಲದೆ, ಜನರ ಭಾಷೆ ತಿಳಿಯದೆ, ಕಕ್ಷಿಗಾರನ ಮುಖವನ್ನು ಎರಡನೆಯ ಬಾರಿ ನೋಡುವ ಉದ್ದೇಶವಿಲ್ಲದೆ ವಕಾಲತ್ತನ್ನು ಪಡೆದದ್ದು.

ಈ ಗೊಂದಲವನ್ನು ತಡೆಯಲೆಂದು ಭಾರತ ಸರ್ಕಾರ 1985ರ ಮಾರ್ಚಿನಲ್ಲಿ ಒಂದು ಕಾಯಿದೆ ತಂದು, ಸಂತ್ರಸ್ತರೆಲ್ಲರ ಪರವಾಗಿ ವ್ಯವಹರಿಸುವ ಏಕೈಕ ಅಧಿಕಾರವನ್ನು ತಾನೇ ವಹಿಸಿಕೊಂಡಿತು. ಅನಾಥರಿಗೆ ರಾಜನೇ ತಂದೆ ಎಂಬ ಹಳೆಯ ತತ್ತ್ವ ಇದಕ್ಕೆ ಆಧಾರ. ಸರ್ಕಾರಿ ವಿಮಾ ಹಾಗೂ ಹಣಕಾಸು ಸಂಸ್ಥೆಗಳೇ ಆ ಕಾರ್ಖಾನೆಯಲ್ಲಿ ಷೇರು ಹೊಂದಿದ್ದುವು. ಕಾರ್ಖಾನೆಗೆ ಪರವಾನಗಿ ಕೊಟ್ಟದ್ದೂ ಸರ್ಕಾರವೇ. ಹೀಗಾಗಿ ತಂದೆಯೇ ಒಂದು ಬಗೆಯಲ್ಲಿ ಪ್ರತಿವಾದಿಯ ಪಾಲುದಾರನೂ ಆಗಿದ್ದ. ಅದೇ ವರ್ಷದ ಏಪ್ರಿಲ್ 8ರಂದು ಸರ್ಕಾರ ಮಿನಿಯಾಪೊಲಿಸ್‌ನ ಒಂದು ವಕೀಲ ಸಂಸ್ಥೆಯ ಮೂಲಕ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಅಮೆರಿಕದ ನಾನಾ ಕೋರ್ಟುಗಳಲ್ಲಿ ದಾಖಲಾಗಿದ್ದ ನೂರಕ್ಕೂ ಹೆಚ್ಚು ಮೊಕದ್ದಮೆಗಳು ಅಷ್ಟರೊಳಗೆ ನ್ಯಾಯಾಧೀಶ ಜಾನ್ ಕೀನನ್ ಅವರ ಮುಂದೆ ಒಟ್ಟುಗೂಡಿದ್ದುವು.

ಅಲ್ಲಿ ನಡೆದ ವಾದದಷ್ಟು ವಿಚಿತ್ರವಾದ ವಾದ ಕಾನೂನಿನ ಇತಿಹಾಸದಲ್ಲಿ ಅಪರೂಪ. ಮೊಕದ್ದಮೆ ಅಮೆರಿಕದಲ್ಲೇ ನಡೆಯಲಿ ಎನ್ನಲು ಭಾರತ ಸರ್ಕಾರ ತನ್ನ ನ್ಯಾಯಾಲಯಗಳ ವಿಳಂಬ, ಅಸಾಮರ್ಥ್ಯಗಳನ್ನು ತಾನೇ ಎತ್ತಿ ತೋರಿಸಬೇಕಾಯಿತು. ಭಾರತದ ಕಾನೂನನ್ನು ಆಳವಾಗಿ ಅಭ್ಯಸಿಸಿದ್ದ ಅಮೆರಿಕದ ವಿದ್ವಾಂಸ ಮಾರ್ಕ್ ಗ್ಯಾಲಂಟರ್ ಆ ಅರ್ಥದ ಅಫಿಡವಿಟ್ಟು ಸಲ್ಲಿಸಿದರು. ಇತ್ತ ಅಮೆರಿಕದ ಕಂಪನಿ, ಭಾರತದ ನ್ಯಾಯಾಂಗ ಎಷ್ಟು ಘನವಾದುದೆಂದು ಹೊಗಳುತ್ತ ನಾನಿ ಪಾಲ್ಖೀವಾಲ ಅವರ ಅಫಿಡವಿಟ್ಟನ್ನು ಮುಂದಿಟ್ಟಿತು. 1986ರ ಮೇ 12ರಂದು ಕೀನನ್ ಎರಡನೆಯ ಪಕ್ಷವನ್ನು ಎತ್ತಿಹಿಡಿದರು. ಸ್ವತಂತ್ರ ಭಾರತದ ಕೋರ್ಟುಗಳ ಮೇಲೆ ಅಮೆರಿಕದ ಮಾನದಂಡ ಹೇರುವುದು ಸಾಮ್ರಾಜ್ಯಶಾಹಿಯ ಇನ್ನೊಂದು ರೂಪವಾದೀತೆಂದು ಅವರು ಬರೆದರು. ಕೇಳಲು ಇಂಪಾದ ಮಾತು. ಅದರ ಫಲ ಮಾತ್ರ ಕಂಪನಿಗೆ ಇಂಪಾಯಿತು. ಕಂಪನಿ ಭಾರತದ ಕೋರ್ಟಿಗೆ ಒಳಪಡಬೇಕು, ಅಲ್ಲಿನ ತೀರ್ಪಿಗೆ ಬದ್ಧವಾಗಬೇಕು, ಕಾಗದಪತ್ರಗಳನ್ನು ಅಮೆರಿಕದ ನಿಯಮದಂತೆ ಒದಗಿಸಬೇಕು ಎಂದು ಕೀನನ್ ಮೂರು ಷರತ್ತು ಹಾಕಿದ್ದರು. 1987ರ ಜನವರಿಯಲ್ಲಿ ಮೇಲಿನ ಕೋರ್ಟು ಮೊದಲನೆಯದನ್ನು ಉಳಿಸಿ ಉಳಿದೆರಡನ್ನು ಸಡಿಲಿಸಿಬಿಟ್ಟಿತು. ಪೊಟರೆಗೆ ತುಂಬಿದ್ದ ಹುಲ್ಲು ನೆನೆದುಹೋಯಿತು.

ಮುಂದಿನದು ಬಹುಮಂದಿಗೆ ಗೊತ್ತಿರುವ ವೃತ್ತಾಂತ. 1989ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ 47 ಕೋಟಿ ಡಾಲರಿಗೆ ರಾಜಿಯಾಯಿತು. ಆ ಪೀಠದಲ್ಲಿ ಕನ್ನಡನಾಡಿನವರಾದ ಇ. ಎಸ್. ವೆಂಕಟರಾಮಯ್ಯನವರೂ ಎಂ. ಎನ್. ವೆಂಕಟಾಚಲಯ್ಯನವರೂ ಇದ್ದರು. ಭೋಪಾಲದ ಒಬ್ಬನೇ ಒಬ್ಬ ರೋಗಿಯನ್ನೂ ಕೇಳದೆ ಲಕ್ಷಾಂತರ ಜನರ ಹಕ್ಕು ಇತ್ಯರ್ಥವಾಯಿತು. ಕ್ರಿಮಿನಲ್ ಮೊಕದ್ದಮೆಗಳೂ ಅದರೊಡನೆ ರದ್ದಾದುವು. ಈ ರಾಜಿಯನ್ನು ಪ್ರಶ್ನಿಸಿದವರಲ್ಲಿ ಭೋಪಾಲದ ಹೆಂಗಸರ ‘ಭೋಪಾಲ್ ಗ್ಯಾಸ್ ಪೀಡಿತ್ ಮಹಿಳಾ ಉದ್ಯೋಗ್ ಸಂಘಟನ್’ ಮುಂಚೂಣಿಯಲ್ಲಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ 1985ರ ಕಾಯಿದೆಯನ್ನು ಊರ್ಜಿತಗೊಳಿಸಿದ ತೀರ್ಪಿನಲ್ಲಿ, ದೊಡ್ಡ ಒಳಿತಿಗಾಗಿ ಕೆಲವೊಮ್ಮೆ ಸಣ್ಣ ತಪ್ಪು ಸಹ್ಯ ಎಂಬ ಅರ್ಥದ ಮಾತು ಬರುತ್ತದೆ. ಶೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ವನ್ನು ಬಲ್ಲವರಿಗೆ ಇದು ಬಸಾನಿಯೋನ ಬೇಡಿಕೆಯೆಂದು ಥಟ್ಟನೆ ಹೊಳೆಯುತ್ತದೆ. ನಾಟಕದಲ್ಲಿ ಪೋರ್ಷಿಯಾ ಅದನ್ನು ಒಪ್ಪುವುದಿಲ್ಲ ಎಂಬುದೂ ನೆನಪಾಗುತ್ತದೆ.

1991ರ ಅಕ್ಟೋಬರ್ 3ರ ಪುನರ್ವಿಮರ್ಶೆಯ ತೀರ್ಪಿನಲ್ಲಿ ವೆಂಕಟಾಚಲಯ್ಯನವರು ಬಹುಮತದ ಪರವಾಗಿ ಬರೆದು, ಹಣದ ರಾಜಿಯನ್ನು ಉಳಿಸಿ ಕ್ರಿಮಿನಲ್ ರಕ್ಷಣೆಯನ್ನು ತೆಗೆದುಹಾಕಿದರು. ಹಣ ಸಾಲದಾದರೆ ಸರ್ಕಾರ ತುಂಬಿಕೊಡಬೇಕೆಂದರು. ರಾಜಿಯ ಲೆಕ್ಕಾಚಾರದಲ್ಲಿ ಸತ್ತವರು 3,000 ಎಂದು ಎಣಿಸಲಾಗಿತ್ತು. ಕೊನೆಗೆ ಪರಿಹಾರ ಪಡೆದ ಸಾವಿನ ಪ್ರಕರಣಗಳೇ ಐದು ಸಾವಿರವನ್ನು ದಾಟಿದುವು; ಒಟ್ಟು ಪರಿಹಾರ ಪಡೆದವರ ಸಂಖ್ಯೆ ಐದೂವರೆ ಲಕ್ಷವನ್ನೂ ಮೀರಿತು. ಬಹುಪಾಲು ಮಂದಿಗೆ ದೊರೆತದ್ದು ಮೊದಲು 25,000 ರೂಪಾಯಿ. ಡಾಲರಿನೆದುರು ರೂಪಾಯಿ ಕುಸಿದದ್ದರಿಂದಲೂ ಬಡ್ಡಿಯಿಂದಲೂ ಬೆಳೆದು 2004ರಲ್ಲಿ 1,500 ಕೋಟಿ ರೂಪಾಯಿಯಷ್ಟು ಮಿಕ್ಕಿದ್ದ ಮೊತ್ತವನ್ನು ಹಂಚಿದಾಗ ಅಷ್ಟೇ ಹಣ ಇನ್ನೊಮ್ಮೆ ಬಂತು. ಹೆಚ್ಚಿನ ಪರಿಹಾರ ಕೋರಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಕೊನೆಯ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಮಾರ್ಚ್ 14ರಂದು ತಳ್ಳಿಹಾಕಿತು.

ಇದರ ಜೊತೆಗಿಟ್ಟು ನೋಡಬೇಕಾದದ್ದು ದಕ್ಷಿಣ ಆಫ್ರಿಕದ ಕಲ್ನಾರಿನ ಪ್ರಕರಣ. ಕಲ್ನಾರು ನಮಗೆ ಅಪರಿಚಿತವಲ್ಲ. ಅದರ ತಗಡನ್ನು ಹೊದಿಸಿದ ಮನೆಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ಬೆಂಕಿಗೆ ಜಗ್ಗದ ಈ ಕಲ್ಲಿನ ನಾರಿನ ಕಣ್ಣಿಗೆ ಕಾಣದ ಎಳೆ ಶ್ವಾಸಕೋಶವನ್ನು ಹೊಕ್ಕರೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ರೋಗವಾಗಿ ಏಳುತ್ತದೆ. ಕೇಪ್ ಎಂಬ ಇಂಗ್ಲಿಷ್ ಕಂಪನಿ 1893ರಿಂದ ಅಲ್ಲಿಯ ಉತ್ತರ ಕೇಪ್ ಸೀಮೆಯಲ್ಲಿ ನೀಲಿ ಕಲ್ನಾರನ್ನೂ, ಮುಂದೆ ಪೆಂಗೆ ಎಂಬಲ್ಲಿ ಕಂದು ಕಲ್ನಾರನ್ನೂ ಉಪಸಂಸ್ಥೆಗಳ ಮೂಲಕ ತೆಗೆಯುತ್ತಿತ್ತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕಲ್ನಾರಿನ ಧೂಳನ್ನು ಹತೋಟಿಯಲ್ಲಿಡಬೇಕೆಂಬ ನಿಯಮ 1931ರಲ್ಲೇ ಬಂದಿತ್ತು. ಗೆರಿಟ್ ಶೆಪರ್ಸ್ ಎಂಬ ವೈದ್ಯ 1949ರಲ್ಲಿ ಪೆಂಗೆಗೆ ಹೋದಾಗ, ಕಲ್ನಾರು ತುಂಬಿದ ದೊಡ್ಡ ಚೀಲಗಳೊಳಗೆ ಎಳೆಯ ಮಕ್ಕಳನ್ನು ಇಳಿಸಿ ನಾರನ್ನು ತುಳಿಸುತ್ತಿದ್ದುದನ್ನು ಕಂಡರು. ಅದೇ ನಾರು, ಅದೇ ಒಡೆಯ. ಲಂಡನ್ನಿಗೊಂದು ಎಚ್ಚರ, ಪೆಂಗೆಗೊಂದು. 1960ರಲ್ಲಿ ಕ್ರಿಸ್ ವಾಗ್ನರ್ ಮತ್ತು ಸಂಗಡಿಗರು ಮೀಸೊಥೀಲಿಯೋಮ ಎಂಬ ಅಪರೂಪದ ಅರ್ಬುದದ 33 ಪ್ರಕರಣಗಳನ್ನು ವರದಿ ಮಾಡಿ, ಅದಕ್ಕೂ ಆ ಸೀಮೆಯ ಕಲ್ನಾರಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಗಣಿಯಲ್ಲಿ ದುಡಿಯದೆ ಬರಿಯ ಊರಿನಲ್ಲಿ ವಾಸವಿದ್ದವರೂ ಆ ರೋಗಿಗಳಲ್ಲಿದ್ದರು. 1979ರಲ್ಲಿ ಕೇಪ್ ಗಣಿಗಳನ್ನು ಮಾರಿತು. ಮೊಕದ್ದಮೆಯ ಕಾಲಕ್ಕೆ ಆ ದೇಶದಲ್ಲಿ ಅದಕ್ಕೆ ಒಂದು ಕಾಸಿನ ಆಸ್ತಿಯೂ ಉಳಿದಿರಲಿಲ್ಲ. ಮರವೇ ಮಾಯವಾಗಿತ್ತು.

1997ರಲ್ಲಿ ಐವರ ಹೆಸರಿನಲ್ಲಿ ಲಂಡನ್ನಿನಲ್ಲಿ ದಾವೆ ಆರಂಭವಾಯಿತು. ರಿಚರ್ಡ್ ಮೀರನ್ ಎಂಬ ಇಂಗ್ಲೆಂಡಿನ ಸಾಲಿಸಿಟರು ವಾದಿಗಳ ಪರ ದುಡಿದವರಲ್ಲಿ ಮುಖ್ಯರು. ಇದು ದಕ್ಷಿಣ ಆಫ್ರಿಕದಲ್ಲಿ ನಡೆಯತಕ್ಕ ಮೊಕದ್ದಮೆ ಎಂದು ಕಂಪನಿ ಆಕ್ಷೇಪಿಸಿತು. ಕೆಳಗಿನ ಕೋರ್ಟು ಒಪ್ಪಿತು, ಮೇಲಿನದು ಒಪ್ಪಲಿಲ್ಲ. ಅಷ್ಟರಲ್ಲಿ ವಾದಿಗಳು ಮೂರು ಸಾವಿರಕ್ಕೆ ಬೆಳೆದರು. ಕಂಪನಿ ಮತ್ತೆ ಆಕ್ಷೇಪಿಸಿತು, ಈ ಬಾರಿ ಎರಡೂ ಕೋರ್ಟುಗಳು ಒಪ್ಪಿದುವು. 2000ದ ಜುಲೈ 20ರಂದು ಹೌಸ್ ಆಫ್ ಲಾರ್ಡ್ಸ್ ಸರ್ವಾನುಮತದಿಂದ ಆ ತಡೆಯನ್ನು ತೆಗೆಯಿತು. ಲಾರ್ಡ್ ಬಿಂಗಮ್ ಬರೆದ ಪ್ರಧಾನ ತೀರ್ಪಿನ ತರ್ಕ ಗಮನಾರ್ಹ. ಸಾಕ್ಷಿಗಳೂ ಘಟನೆಗಳೂ ದಕ್ಷಿಣ ಆಫ್ರಿಕದವು. ಸಹಜವಾದ ಕೋರ್ಟು ಅಲ್ಲಿಯದೇ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅಲ್ಲಿ ಇಂಥ ದಾವೆಗಳಿಗೆ ಸರ್ಕಾರದ ಕಾನೂನು ನೆರವಿಲ್ಲ. ಇಷ್ಟು ದೊಡ್ಡ, ತಾಂತ್ರಿಕವಾದ ಮೊಕದ್ದಮೆಯನ್ನು ಗೆದ್ದರೆ ಮಾತ್ರ ಹಣವೆಂಬ ಕರಾರಿನ ಮೇಲೆ ನಡೆಸುವ ವಕೀಲರು ದೊರೆಯುವ ಭರವಸೆಯಿಲ್ಲ. ಆದ್ದರಿಂದ ಅಲ್ಲಿಗೆ ಕಳುಹಿಸಿದರೆ ನ್ಯಾಯವನ್ನೇ ನಿರಾಕರಿಸಿದಂತೆ. ಯಾವ ದೇಶದ ಸಾರ್ವಜನಿಕ ಹಿತಕ್ಕೆ ಯಾವುದು ಲೇಸೆಂಬ ವಿಚಾರವನ್ನು ಲಾರ್ಡುಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೀನನ್ನರ ತಕ್ಕಡಿಯಲ್ಲಿ ಅದೇ ಭಾರವಾದ ಕಲ್ಲಾಗಿತ್ತು.

ಇಲ್ಲಿ ಇನ್ನೊಂದು ವ್ಯತ್ಯಾಸವಿದೆ. ದಕ್ಷಿಣ ಆಫ್ರಿಕದ ಸರ್ಕಾರವೂ ಲಾರ್ಡುಗಳ ಮುಂದೆ ಹಾಜರಾಯಿತು. ತಾನೇ ತಂದೆಯ ಸ್ಥಾನದಲ್ಲಿ ಕುಳಿತು ಎಲ್ಲರ ಹಕ್ಕನ್ನು ವಹಿಸಿಕೊಳ್ಳಲಿಲ್ಲ. ಸಂತ್ರಸ್ತರು ತಾವೇ ಆರಿಸಿಕೊಂಡ ವಕೀಲರ ಬೆನ್ನಿಗೆ ನಿಂತಿತು. ಸರ್ಕಾರ ಬೆನ್ನಿಗೆ ನಿಲ್ಲುವುದು ಬೇರೆ, ಬಾಯಿ ಮುಚ್ಚಿಸಿ ಮುಂದೆ ನಿಲ್ಲುವುದು ಬೇರೆ.

ಕಾನೂನಿನ ವರದಿಗಳಲ್ಲಿ ಕಾಣಿಸದ ಕೆಲಸವೇ ಇಂಥ ಸಹಕಾರದಲ್ಲಿ ಮುಕ್ಕಾಲು ಪಾಲು. ಎಂದೋ ಮುಚ್ಚಿದ ಗಣಿಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ದುಡಿದೆ ಎಂದು ಅಕ್ಷರ ಬಾರದ ಮುದುಕನೊಬ್ಬನಿಂದ ತಿಳಿಯಬೇಕು. ಕೂಲಿಯ ಚೀಟಿ ಇಲ್ಲದಿದ್ದರೆ ಜೊತೆಗೆ ದುಡಿದವರನ್ನು ಹುಡುಕಬೇಕು. ಎದೆಯ ಎಕ್ಸ್-ರೇ ತೆಗೆಸಬೇಕು. ಅದನ್ನು ಓದಬಲ್ಲ ತಜ್ಞ ವೈದ್ಯರು ಬೇಕು. ಹೇಳಿಕೆಯನ್ನು ಅವನ ಭಾಷೆಯಲ್ಲಿ ಬರೆದು, ಇಂಗ್ಲಿಷಿಗೆ ತಂದು, ಮತ್ತೆ ಅವನಿಗೆ ಓದಿ ಹೇಳಬೇಕು. ಇದೆಲ್ಲ ಸ್ಥಳೀಯ ವಕೀಲರಿಂದಲೂ ಊರಿನ ಕಾರ್ಯಕರ್ತರಿಂದಲೂ ಮಾತ್ರ ಆಗುವಂಥದು. ಕಂಪನಿಯ ಆಡಳಿತ ಮಂಡಲಿಯ ನಡವಳಿ ಪುಸ್ತಕವನ್ನು ಜಾಲಾಡುವುದು, ಯಾವ ಆಜ್ಞೆ ಯಾವ ಕಚೇರಿಯಿಂದ ಹೊರಟಿತೆಂದು ತೋರಿಸುವುದು ಲಂಡನ್ನಿನವರ ಪಾಲು. ಅನುವಾದ ಮಾಡಿ ಬಲ್ಲವರಿಗೆ ಗೊತ್ತು: ‘ನನಗೆ ಉಸಿರು ಹಿಡಿಯುತ್ತದೆ’ ಎಂಬ ಒಂದು ವಾಕ್ಯವನ್ನು ವೈದ್ಯಕ್ಕೂ ಕಾನೂನಿಗೂ ಸಲ್ಲುವಂತೆ ಇನ್ನೊಂದು ನುಡಿಗೆ ದಾಟಿಸುವುದು ಸುಲಭದ ಮಾತಲ್ಲ.

ಕೇಪ್ ಪ್ರಕರಣದ ಅಂತ್ಯ ಮಾತ್ರ ಅಷ್ಟೊಂದು ಉಜ್ಜ್ವಲವಲ್ಲ. 2001ರ ಡಿಸೆಂಬರಿನಲ್ಲಿ 2.1 ಕೋಟಿ ಪೌಂಡಿಗೆ ಒಪ್ಪಂದವಾಯಿತು. ಹಣಕಾಸಿನ ಅಡಚಣೆಯ ಕಾರಣ ಕೊಟ್ಟು ಕಂಪನಿ ಅದನ್ನು ಪಾವತಿ ಮಾಡಲಿಲ್ಲ. 2003ರಲ್ಲಿ ಹೊಸ ಒಪ್ಪಂದದಂತೆ ಕೊಟ್ಟದ್ದು 75 ಲಕ್ಷ ಪೌಂಡು. ವಾದಿಗಳು ಆ ವೇಳೆಗೆ 7,500. ಆ ಹಣವನ್ನಷ್ಟೇ ಹಂಚಿದರೆ ತಲೆಗೆ ಒಂದು ಸಾವಿರ ಪೌಂಡು. ಗೆನ್ಕೋರ್ ಎಂಬ ದಕ್ಷಿಣ ಆಫ್ರಿಕದ ಗಣಿ ಕಂಪನಿ ಪ್ರತ್ಯೇಕವಾಗಿ ಒಂದಿಷ್ಟನ್ನು ಸೇರಿಸಿತು. ಕಾಯುತ್ತಲೇ ತೀರಿಕೊಂಡವರು ಹಲವರು. ಆದರೆ ಭೋಪಾಲದಲ್ಲಿ ಆಗದ ಒಂದು ಸಂಗತಿ ಇಲ್ಲಿ ಆಯಿತು. ಕೆಲಸ ಕಲಿತ ಕೈಗಳು ಆ ದೇಶದಲ್ಲಿಯೇ ಉಳಿದುವು.

ಅದರ ಫಲ ಚಿನ್ನದ ಗಣಿಗಳ ಧೂಳುರೋಗದ ದಾವೆಯಲ್ಲಿ ಕಾಣುತ್ತದೆ. ಕಲ್ನಾರಿನ ಹೋರಾಟದಲ್ಲಿ ಪಳಗಿದ ರಿಚರ್ಡ್ ಸ್ಪೂರ್ ಮೊದಲಾದವರು ಈಗ ಲಂಡನ್ನಿಗೆ ಹೋಗಲಿಲ್ಲ. ಅಮೆರಿಕದ ಮಾಟ್ಲಿ ರೈಸ್ ಎಂಬ ವಕೀಲ ಸಂಸ್ಥೆಯ ನೆರವನ್ನು ತಮ್ಮಲ್ಲಿಗೇ ಬರಮಾಡಿಕೊಂಡರು. 1996ರ ಸಂವಿಧಾನ ಸಾಮೂಹಿಕ ದಾವೆಯನ್ನು ಹೆಸರಿಸಿಯೇ ಮಾನ್ಯ ಮಾಡಿತ್ತು. 2016ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗಿನ ಹೈಕೋರ್ಟು ದಾವೆಗೆ ಅನುಮತಿ ನೀಡಿತು. 2018ರಲ್ಲಿ ಆರು ಕಂಪನಿಗಳೊಡನೆ ರಾಜಿಯಾಗಿ, 2019ರ ಜುಲೈನಲ್ಲಿ ಅದನ್ನು ನ್ಯಾಯಾಲಯ ಬಹಿರಂಗವಾಗಿ ಪರಿಶೀಲಿಸಿ ಒಪ್ಪಿತು. ಹಂಚಿಕೆಗೆ 500 ಕೋಟಿ ರ್‍ಯಾಂಡಿನಷ್ಟು ಹಣದ ತ್ಷಿಯಾಮಿಸೊ ನ್ಯಾಸ ಏರ್ಪಟ್ಟಿತು. ಲೆಸೋಥೊ, ಮೊಜಾಂಬಿಕ್ ಮೊದಲಾದ ನೆರೆನಾಡುಗಳಿಂದ ಬಂದು ದುಡಿದು ಊರಿಗೆ ಮರಳಿದವರಿಗೂ ಅದರಲ್ಲಿ ಹಕ್ಕಿದೆ.

ಲಂಡನ್ನಿನ ಬಾಗಿಲು ಬೇರೆಯವರಿಗೂ ತೆರೆಯಿತು. 2019ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಸುಪ್ರೀಂ ಕೋರ್ಟು, ಝಾಂಬಿಯಾದ ಚಿಂಗೋಲ ಬಳಿಯ 1,826 ಗ್ರಾಮಸ್ಥರು ತಮ್ಮ ನೀರು ಕೆಟ್ಟಿತೆಂದು ಹೂಡಿದ ದಾವೆ ಅಲ್ಲಿ ನಡೆಯಬಹುದೆಂದಿತು. ಪ್ರತಿವಾದಿ ವೇದಾಂತ ಕಂಪನಿ. ಅದನ್ನು ಕಟ್ಟಿದವರು ಭಾರತೀಯರು. ಪೊಟರೆಯಲ್ಲಿ ಕೂರುವವರು ಯಾವಾಗಲೂ ಬಿಳಿಯರೇ ಎಂದು ನಾವು ತಿಳಿಯಬೇಕಾಗಿಲ್ಲ. 2015ರಲ್ಲಿ ಬ್ರೆಜಿಲ್ಲಿನ ಮರಿಯಾನದಲ್ಲಿ ಗಣಿತ್ಯಾಜ್ಯದ ಅಣೆಕಟ್ಟು ಒಡೆದು 19 ಮಂದಿ ಸತ್ತರಷ್ಟೆ. ಅದರ ಆರು ಲಕ್ಷಕ್ಕೂ ಹೆಚ್ಚು ವಾದಿಗಳ ದಾವೆಯಲ್ಲಿ ಬಿಎಚ್‌ಪಿ ಕಂಪನಿ ಹೊಣೆಯೆಂದು 2025ರ ನವೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. ಇಷ್ಟು ದೊಡ್ಡ ದಾವೆಗೆ ಬೇಕಾದ ಹಣವನ್ನು ಲಾಭದ ನಿರೀಕ್ಷೆಯಲ್ಲಿ ಸಾಲ ಕೊಡುವ ಬಂಡವಾಳಗಾರರು ಈಗ ಹುಟ್ಟಿಕೊಂಡಿದ್ದಾರೆ. ಸಾಲ ಕೊಟ್ಟವನು ಬೇಗ ರಾಜಿಯಾಗಲೆನ್ನುತ್ತಾನೋ, ವಾದಿಯ ಹಿತಕ್ಕಾಗಿ ಕಾಯುತ್ತಾನೋ? ಭೋಪಾಲದಲ್ಲಿ ಸರ್ಕಾರದ ಬಗೆಗೆ ಎದ್ದ ಸಂದೇಹವೇ ಇಲ್ಲಿ ವೇಷ ಬದಲಿಸಿ ಬಂದಿದೆ.

ನಮ್ಮಲ್ಲಿ ಗೆದ್ದರೆ ಪಾಲು ಎಂಬ ಕರಾರನ್ನು ವಕೀಲರು ಮಾಡಿಕೊಳ್ಳುವಂತಿಲ್ಲ. ಬಾರ್ ಕೌನ್ಸಿಲಿನ ನಿಯಮ ಅದನ್ನು ನಿಷೇಧಿಸಿದೆ. ವಿದೇಶಿ ವಕೀಲರು ತಮ್ಮ ದೇಶದ ಕಾನೂನಿನ ಬಗೆಗೆ ಆಗಾಗ ಬಂದು ಸಲಹೆ ಕೊಟ್ಟು ಹೋಗಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಬಾರ್ ಕೌನ್ಸಿಲು ಅದಕ್ಕೆ ನೋಂದಣಿಯ ನಿಯಮಗಳನ್ನು ರಚಿಸಿ, 2025ರಲ್ಲಿ ತಿದ್ದಿತು. ನಮ್ಮ ಕೋರ್ಟುಗಳಲ್ಲಿ ನಿಂತು ವಾದಿಸುವ ಅಧಿಕಾರ ಅವರಿಗಿಲ್ಲ. ಹೀಗಾಗಿ ಊರಿನ ರೋಗಿ ಮೊದಲ ಹೆಬ್ಬೆಟ್ಟು ಒತ್ತುವುದು ಊರಿನ ವಕೀಲನ ಮುಂದೆಯೇ. ಅಕ್ಷರ ಬಾರದವರ ಅಫಿಡವಿಟ್ಟಿನ ಅಡಿಯಲ್ಲಿ, ಇದನ್ನು ಅವರ ಭಾಷೆಯಲ್ಲಿ ಓದಿ ಹೇಳಲಾಯಿತು, ಅವರು ತಿಳಿದು ಒಪ್ಪಿದರು ಎಂದು ಒಂದು ಷರಾ ಬರೆಯುವುದು ನಮ್ಮ ಕಚೇರಿಗಳ ಪದ್ಧತಿ. ಲಂಡನ್ನಿಗೋ ನ್ಯೂಯಾರ್ಕಿಗೋ ಹೊರಡುವ ಕಾಗದಗಳ ಕಟ್ಟಿನಲ್ಲಿ ಎಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಆ ಎರಡು ಸಾಲುಗಳದು.